ಬಳ್ಳಾರಿ ಸೀಮೆಯ ಹಕ್ಕಿಬೇಟೆ: ಋತು, ಪರವಾನಗಿ, ಮಿತಿ

ಬಳ್ಳಾರಿಯ ಕಂಟೋನ್ಮೆಂಟ್, ಸಿರುಗುಪ್ಪ, ಕುರುಗೋಡು ಸೇರಿದ ಎರೆಸೀಮೆಯಲ್ಲಿ ಇಂದು ಗೌಜಲು, ಬುರ್ಲಿ, ಬಾತು, ನವಿಲು, ಎರ್ಲಡ್ಡು ಯಾವುದನ್ನೂ ಬೇಟೆಯಾಡುವಂತಿಲ್ಲ. ಬೇಟೆಗೆ ತೆರೆದ ಋತು ಇಲ್ಲ, ಕೊಡುವ ಪರವಾನಗಿ ಇಲ್ಲ, ಇಷ್ಟು ಹಕ್ಕಿ ಹೊಡೆಯಬಹುದೆಂಬ ಮಿತಿಯೂ ಇಲ್ಲ, ಬೇಟೆಯೇ ಅಪರಾಧ. ಆದರೆ 1887ರಿಂದ 1991ರವರೆಗೆ, ನೂರು ವರ್ಷಕ್ಕೂ ಮಿಕ್ಕಿ, ಈ ಮೂರು ಕಟ್ಟಳೆಗಳು ಒಂದೊಂದಾಗಿ ಬಂದು ಕಾನೂನಿನ ಪುಸ್ತಕದಲ್ಲಿ ನೆಲೆಯೂರಿದ್ದವು. ಅವು ಕೋವಿಯ ಮೇಲೆ ಕಣ್ಣಿಟ್ಟವು, ಹೊಡೆದ ಹಕ್ಕಿಯ ಲೆಕ್ಕ ಕೇಳಿದವು. ಹಕ್ಕಿ ಎಲ್ಲಿ ಮೊಟ್ಟೆಯಿಡುತ್ತದೆ, ವರ್ಷಕ್ಕೆ ಎಷ್ಟು ಮರಿ ಉಳಿಯುತ್ತದೆ ಎಂಬ ಲೆಕ್ಕವನ್ನು ಮಾತ್ರ ಅವು ಇಡಲಿಲ್ಲ. ಈ ಸೀಮೆಯ ಹಕ್ಕಿಬೇಟೆಯ ಚರಿತ್ರೆಯ ತಿರುಳು ಇದೇ.

ನೆಲ ಮತ್ತು ಹಕ್ಕಿ

ಜಿಲ್ಲೆಯ ಪೂರ್ವಕ್ಕೆ ಎರೆಭೂಮಿ, ಸಂಡೂರಿನ ಕಡೆಗೆ ಮಸಾರಿ ಮತ್ತು ಗುಡ್ಡ. ವೇದಾವತಿಯನ್ನು ಇಲ್ಲಿನವರು ಹಗರಿ ಎನ್ನುತ್ತಾರೆ. ಅದು ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಮಳೆ ಕಡಿಮೆ, ಬಯಲು ವಿಶಾಲ. ಜೋಳ, ಹತ್ತಿ, ಕಡಲೆ, ಕುಸುಬೆಯ ಹೊಲಗಳ ನಡುವೆ ಬೀಳುಬಿಟ್ಟ ಹುಲ್ಲುಗಾವಲು ಮೊದಲು ಧಾರಾಳವಾಗಿತ್ತು. ಇಂಥ ಬಯಲಿನ ದೊಡ್ಡ ಹಕ್ಕಿ ಎರ್ಲಡ್ಡು, ಎರೆಭೂತವೆಂದೂ ಹೆಸರು. ಸುಮಾರು ಒಂದು ಮೀಟರ್ ಎತ್ತರ. ಗಂಡು ಹಕ್ಕಿ ಹತ್ತು ಕಿಲೋ ಮೀರಿ ತೂಗುವುದುಂಟು, ಹಾರುವ ಹಕ್ಕಿಗಳಲ್ಲಿ ಅತಿ ಭಾರದ್ದೆನಿಸಿದವುಗಳ ಸಾಲಿಗೆ ಸೇರಿದ್ದು. ಅದರ ಸಣ್ಣ ನೆಂಟನಾದ ಫ್ಲೋರಿಕನ್ ಮಳೆಗಾಲದ ಹುಲ್ಲಿನಲ್ಲಿ ನೆಗೆದು ನೆಗೆದು ಹೆಣ್ಣನ್ನು ಕರೆಯುತ್ತದೆ. ಹೊಲದ ಬದುಗಳಲ್ಲಿ ಗೌಜಲು, ಪೈರಿನ ಬುಡದಲ್ಲಿ ಬುರ್ಲಿ ಎಂಬ ಲಾವಕ್ಕಿ, ಕುರುಗೋಡು ಮತ್ತು ದರೋಜಿಯ ಕಲ್ಲುಗುಡ್ಡಗಳಲ್ಲಿ ಚಿಟ್ಟುಕೋಳಿ, ಬಣ್ಣದ ಸ್ಯಾಂಡ್‌ಗ್ರೌಸ್. ಚಳಿಗಾಲಕ್ಕೆ ಕೆರೆಗಳಲ್ಲಿ ಬಾತು, ಪಟ್ಟೆತಲೆಯ ಹೆಬ್ಬಾತು, ಕಟಾವಾದ ಹೊಲಗಳಲ್ಲಿ ಕರ್ಕರ ಕೊಕ್ಕರೆ.

ಈ ಹಕ್ಕಿಗಳೆಲ್ಲವೂ ಒಂದೇ ಕಾಲಕ್ಕೆ ಮರಿ ಮಾಡುವುದಿಲ್ಲ. ಎರ್ಲಡ್ಡು ಮುಂಗಾರು ಹಿಡಿದ ಮೇಲೆ ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಬುರ್ಲಿಯದೂ ಹೆಚ್ಚಾಗಿ ಮಳೆಯ ಕಾಲವೇ. ಗೌಜಲಿನ ಗೂಡು ವರ್ಷದ ಬಹುತೇಕ ತಿಂಗಳುಗಳಲ್ಲಿ ಸಿಗಬಹುದು, ಬೇಸಿಗೆಯಿಂದ ಮಳೆಗಾಲದವರೆಗೆ ಹೆಚ್ಚು. ಸ್ಯಾಂಡ್‌ಗ್ರೌಸ್ ಒಣದಿನಗಳಲ್ಲೇ ಮರಿ ಮಾಡುವುದು ಜಾಸ್ತಿ. ಹೊರನಾಡಿನಿಂದ ಬರುವ ಬಾತುಗಳು ಇಲ್ಲಿ ಗೂಡು ಕಟ್ಟುವುದೇ ಇಲ್ಲ. ಹೀಗಿರುವಾಗ ಇಂತಿಷ್ಟು ತಿಂಗಳು ಬೇಟೆ ನಿಷಿದ್ಧ ಎಂದು ಒಂದೇ ಗೆರೆ ಎಳೆದರೆ ಒಂದು ಜಾತಿಗೆ ರಕ್ಷಣೆ ಸಿಕ್ಕಿ ಇನ್ನೊಂದು ಬಲಿಯಾಗುತ್ತದೆ.

ಅರಸರ ಕಾಲ

ಕುರುಗೋಡು 12ನೆಯ ಶತಮಾನದಲ್ಲಿ ಸಿಂದರ ರಾಜಧಾನಿ. ಅವರು ಕಲ್ಯಾಣದ ಚಾಲುಕ್ಯರ ಸಾಮಂತರು. ಅದೇ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಅರಸನ ವಿನೋದಗಳಲ್ಲಿ ಬೇಟೆಗೆ ವಿಸ್ತಾರವಾದ ಜಾಗ ಕೊಟ್ಟಿದೆ. ಲಾವಕ್ಕಿಗಳ ಕಾಳಗವೂ ಅಲ್ಲಿ ಒಂದು ವಿನೋದ. ಹಂಪಿಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಬೇಟೆಯ ಸಾಲುಗಳೇ ಇವೆ. ಊರುಗಳಲ್ಲಿ, ಮುಖ್ಯವಾಗಿ ಬೇಡ ನಾಯಕರಲ್ಲಿ, ಯುಗಾದಿಯ ಸುಮಾರಿಗೆ ಎಲ್ಲರೂ ಕೂಡಿ ಬೇಟೆಗೆ ಹೊರಡುವ ವಾಡಿಕೆಯಿತ್ತು. ಆಗಲೂ ಕಟ್ಟುಪಾಡು ಇಲ್ಲದಿರಲಿಲ್ಲ. ದೇವರ ಕಾಡು, ಗುಡಿಯ ಸುತ್ತಿನ ಬನ, ಗುಡಿಯ ನವಿಲು ಇವನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದು ಹಕ್ಕಿಯ ಲೆಕ್ಕವಲ್ಲ, ಜಾಗದ ಮರ್ಯಾದೆ.

ದಂಡಿನ ಊರಿಗೆ ಬಂದ ಕಾನೂನು

1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಹೀಗೆ ಬಿಟ್ಟುಕೊಟ್ಟ ದತ್ತ ಮಂಡಲದ ಮೊದಲ ಪ್ರಧಾನ ಕಲೆಕ್ಟರ್ ಥಾಮಸ್ ಮನ್ರೋ 1807ರವರೆಗೂ ಇಲ್ಲಿದ್ದ. ಬಳ್ಳಾರಿ ಮದರಾಸು ಪ್ರಾಂತ್ಯದ ಮುಖ್ಯ ಸೇನಾ ನೆಲೆಗಳಲ್ಲೊಂದಾಯಿತು. ಬೇಸಿಗೆಯ ಧಗೆ ತಾಳದ ಸೈನಿಕರಿಗೆ ಸಂಡೂರು ಸಂಸ್ಥಾನದ ರಾಮನದುರ್ಗದಲ್ಲಿ ವಿಶ್ರಾಂತಿಧಾಮ ಇತ್ತು. ರಜೆಯ ದಿನ ಕೋವಿ ಹೆಗಲಿಗೇರಿಸಿ ಕೆರೆಯಂಗಳಕ್ಕೋ ಎರೆಹೊಲಕ್ಕೋ ಹೋಗುವುದು ಅಂದಿನ ದಂಡಿನ ಅಧಿಕಾರಿಗಳ ನಿತ್ಯದ ಶೋಕಿ. ಹಕ್ಕಿಗಳ ಬಗ್ಗೆ ಮೊದಲು ಕೂಲಂಕಷವಾಗಿ ಬರೆದವರೂ ಇಂಥ ಬ್ರಿಟಿಷ್ ಅಧಿಕಾರಿಗಳೇ. ಮದರಾಸು ಸೈನ್ಯದ ವೈದ್ಯ ಟಿ. ಸಿ. ಜರ್ಡನ್ 1862ರಿಂದ 1864ರವರೆಗೆ ಭಾರತದ ಹಕ್ಕಿಗಳ ಕುರಿತ ಸಂಪುಟಗಳನ್ನು ಹೊರತಂದ. ಹ್ಯೂಮ್ ಮತ್ತು ಮಾರ್ಷಲ್ ಬೇಟೆಹಕ್ಕಿಗಳ ಕುರಿತೇ ಮೂರು ಸಂಪುಟ ಮಾಡಿ 1879ರಿಂದ 1881ರವರೆಗೆ ಪ್ರಕಟಿಸಿದರು. ಹಕ್ಕಿಯ ಗೂಡು, ಮೊಟ್ಟೆ, ಆಹಾರ, ಊರುಭಾಷೆಯ ಹೆಸರು ಎಲ್ಲವನ್ನೂ ಬೇಟೆಗಾರರ ಪತ್ರಗಳಿಂದ ಕಲೆಹಾಕಿದ ಆ ಕೆಲಸಕ್ಕೆ ಇಂದಿಗೂ ಬೆಲೆಯಿದೆ.

ಬೇಟೆಗೆ ಕಟ್ಟು ಹಾಕುವ ಕೆಲಸ ಮದರಾಸು ಪ್ರಾಂತ್ಯದಲ್ಲಿ ನೀಲಗಿರಿಯಿಂದ ಶುರುವಾಯಿತು. 1877ರಲ್ಲಿ ಅಲ್ಲಿನ ಬೇಟೆಗಾರರ ಸಂಘ ಹುಟ್ಟಿತು, 1879ರಲ್ಲಿ ಬೇಟೆ ಮತ್ತು ಮೀನು ಸಂರಕ್ಷಣೆಯ ಕಾಯಿದೆ ಬಂತು. 1882ರ ಮದರಾಸು ಅರಣ್ಯ ಕಾಯಿದೆ ಮೀಸಲು ಕಾಡುಗಳಲ್ಲಿ ಬೇಟೆಯನ್ನು ನಿಯಮಕ್ಕೆ ಒಳಪಡಿಸಿತು. ಪಕ್ಕದ ಮೈಸೂರು ಸಂಸ್ಥಾನ 1901ರಲ್ಲಿ ತನ್ನದೇ ಬೇಟೆ ಮತ್ತು ಮೀನು ಸಂರಕ್ಷಣಾ ರೆಗ್ಯುಲೇಷನ್ ಮಾಡಿಕೊಂಡಿತು. ಬಳ್ಳಾರಿ ಆಗ ಮೈಸೂರಿಗೆ ಸೇರಿರಲಿಲ್ಲ. ಸೇರಿದ್ದು 1953ರ ಅಕ್ಟೋಬರ್ 1ರಂದು, ಆದವಾನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೆ ಬಿಟ್ಟುಕೊಟ್ಟ ಮೇಲೆ.

ಕಂಟೋನ್ಮೆಂಟಿಗೆ ನೇರವಾಗಿ ತಟ್ಟಿದ್ದು 1887ರ ಕಾಡುಹಕ್ಕಿ ಸಂರಕ್ಷಣಾ ಕಾಯಿದೆ. ಪುರಸಭೆ ಮತ್ತು ಕಂಟೋನ್ಮೆಂಟ್ ಎಲ್ಲೆಯೊಳಗೆ, ಮರಿ ಮಾಡುವ ಕಾಲದಲ್ಲಿ, ಹೊಸದಾಗಿ ಕೊಂದ ಅಥವಾ ಹಿಡಿದ ಕಾಡುಹಕ್ಕಿಯನ್ನು ಇಟ್ಟುಕೊಳ್ಳುವುದನ್ನೂ ಮಾರುವುದನ್ನೂ ತಡೆಯುವ ನಿಯಮ ಮಾಡಲು ಅದು ಅವಕಾಶ ಕೊಟ್ಟಿತು. ಕಾಡುಹಕ್ಕಿಯ ಗರಿಗಳನ್ನು ಆ ಕಾಲದಲ್ಲಿ ಊರೊಳಗೆ ತರುವುದಕ್ಕೂ ಹೀಗೇ ತಡೆಯೊಡ್ಡಬಹುದಿತ್ತು. ಹೊಲದಲ್ಲಿ ಕೊಲ್ಲುವುದನ್ನು ಬಿಟ್ಟು ಪೇಟೆಯಲ್ಲಿ ಮಾರುವುದನ್ನು ಹಿಡಿದ ಕಾನೂನು ಅದು. ಅದರ ಮಿತಿಯೂ ಅಲ್ಲೇ ಇತ್ತು: ಎಲ್ಲೆಗಲ್ಲು ದಾಟಿದರೆ ಕಾಯಿದೆ ಮುಗಿಯಿತು.

1912ರ ಕಾಡುಹಕ್ಕಿ ಮತ್ತು ಕಾಡುಪ್ರಾಣಿ ಸಂರಕ್ಷಣಾ ಕಾಯಿದೆ ಇದನ್ನು ತೆಗೆದುಹಾಕಿ ಇಡೀ ಪ್ರಾಂತ್ಯಕ್ಕೆ ಅನ್ವಯಿಸುವ ನಿಷಿದ್ಧ ಋತುವಿನ ಪದ್ಧತಿ ತಂದಿತು. ಅದರ ಪಟ್ಟಿಯಲ್ಲಿ ಎರ್ಲಡ್ಡು, ಫ್ಲೋರಿಕನ್, ಬಾತು, ಕಾಡುಕೋಳಿ, ಗೌಜಲು, ನವಿಲು, ಲಾವಕ್ಕಿ, ಸ್ಯಾಂಡ್‌ಗ್ರೌಸ್, ಚಿಟ್ಟುಕೋಳಿ, ಪಾರಿವಾಳ ಇದ್ದವು. ಬೆಳ್ಳಕ್ಕಿ, ನೀಲಕಂಠ, ಮಿಂಚುಳ್ಳಿಗಳೂ ಇದ್ದವು. ಈ ಕೊನೆಯ ಮೂರನ್ನು ಬೇಟೆಯಾಡುತ್ತಿದ್ದುದು ಮುಖ್ಯವಾಗಿ ಊಟಕ್ಕಲ್ಲ, ಗರಿಗೆ. ಯುರೋಪಿನ ಹೆಂಗಸರ ಟೊಪ್ಪಿಗೆಗಳಿಗೆ ಗರಿ ಸಾಗಿಸುವ ವ್ಯಾಪಾರ ಅಷ್ಟು ಜೋರಾಗಿತ್ತು. ಇಲ್ಲೇ ಮರಿ ಮಾಡುವ ಬಣ್ಣದ ಸ್ನೈಪ್ ಪಟ್ಟಿಯಲ್ಲಿತ್ತು, ಚಳಿಗಾಲಕ್ಕೆ ಬಂದು ಹೋಗುವ ಸಾಮಾನ್ಯ ಸ್ನೈಪ್ ಇರಲಿಲ್ಲ. ಸ್ಥಳೀಯ ಸರ್ಕಾರ ಗೊತ್ತುಪಡಿಸಿದ ತಿಂಗಳುಗಳಲ್ಲಿ ಪಟ್ಟಿಯ ಹಕ್ಕಿಯನ್ನು ಹಿಡಿಯುವುದು, ಕೊಲ್ಲುವುದು, ಮಾರುವುದು, ಕೊಳ್ಳುವುದು ಎಲ್ಲವೂ ತಪ್ಪು. ಮೊದಲ ಸಲಕ್ಕೆ 50 ರೂಪಾಯಿಯವರೆಗೆ ದಂಡ. ಮತ್ತೆ ಸಿಕ್ಕಿಬಿದ್ದರೆ ಒಂದು ತಿಂಗಳವರೆಗೆ ಸಜೆ, ಇಲ್ಲವೇ 100 ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ.

ನೀರಿನ ದಡದ ಬೇಟೆ

ನಿಷಿದ್ಧ ಋತುವಿನ ಕಲ್ಪನೆ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ 1831ರ ಬೇಟೆ ಕಾಯಿದೆಯ ಪ್ರಕಾರ ಪಾರ್ಟ್ರಿಜ್ ಬೇಟೆ ಸೆಪ್ಟೆಂಬರ್ 1ಕ್ಕೆ ಶುರು, ಫೆಬ್ರವರಿ 1ಕ್ಕೆ ಮುಕ್ತಾಯ. ವಸಂತದಲ್ಲಿ ಗೂಡು, ಬೇಸಿಗೆಯಲ್ಲಿ ಮರಿ, ಶರತ್ಕಾಲದಲ್ಲಿ ಬೇಟೆ ಎಂಬ ಲೆಕ್ಕ ಆ ನೆಲಕ್ಕೆ ಸರಿ. ನಮ್ಮ ಎರೆಸೀಮೆಗೆ ಅದು ಎಷ್ಟು ಹೊಂದದು ಎಂಬುದನ್ನು ಸ್ಯಾಂಡ್‌ಗ್ರೌಸಿನಲ್ಲೇ ನೋಡಬೇಕು.

ಬೇಸಿಗೆಯ ಹೊತ್ತಿಗೆ ಕೆರೆ ಬತ್ತಿ ಒಂದು ಮೂಲೆಯ ಹೊಂಡವಾಗುತ್ತದೆ. ಬಿಸಿಲೇರಿ ಒಂದೆರಡು ಗಂಟೆಯಾದ ಮೇಲೆ ಕಂದುಹೊಟ್ಟೆಯ ಸ್ಯಾಂಡ್‌ಗ್ರೌಸ್‌ಗಳು ಗುಂಪುಗುಂಪಾಗಿ, ಗುಟುರು ಹಾಕುತ್ತ ಬರುತ್ತವೆ. ನೀರಿನಿಂದ ದೂರದಲ್ಲಿ ಇಳಿದು, ಸುತ್ತ ನೋಡಿ, ಆಮೇಲೆ ಗಡಬಡಿಸಿ ದಡಕ್ಕೆ ಓಡುತ್ತವೆ. ಕುಡಿಯುವುದು ಕೆಲವೇ ಕ್ಷಣ. ಗಂಡು ಹಕ್ಕಿ ಮಾತ್ರ ಕೆಲವು ಸಲ ನೀರಿಗೆ ಇಳಿದು, ಎದೆ ಹೊಟ್ಟೆಯ ಗರಿಗಳನ್ನು ಅದ್ದಿ ನಿಲ್ಲುತ್ತದೆ. ಆ ಗರಿಗಳ ರಚನೆಯೇ ನೀರು ಹೀರಿ ಹಿಡಿದಿಡುವಂಥದ್ದು. ಹೊಲದ ಬರಿನೆಲದಲ್ಲಿ ಕುಳಿತ ಮರಿಗಳ ಬಳಿಗೆ ಹಾರಿ ಹೋಗಿ ನೆಟ್ಟಗೆ ನಿಂತರೆ, ಮರಿಗಳು ಆ ಗರಿಗಳನ್ನು ಕೊಕ್ಕಿನಿಂದ ಚೀಪಿ ನೀರು ಕುಡಿಯುತ್ತವೆ. ಬಣ್ಣದ ಸ್ಯಾಂಡ್‌ಗ್ರೌಸ್ ಬರುವುದು ಕತ್ತಲಾದ ಮೇಲೆ.

ಈ ಹಕ್ಕಿಯನ್ನು ಹೊಡೆಯುತ್ತಿದ್ದ ರೂಢಿಯ ಕ್ರಮ: ನೀರಿನ ಬಳಿ ಕಾದು ಕೂರುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮೊದಲು ಬಂದಾಗ ನೀರಿನ ಹೊಂಡ, ಉಪ್ಪುನೆಲ, ಅವಕ್ಕೆ ಹೋಗುವ ದಾರಿಗಳಲ್ಲಿ ಬೇಟೆಯಾಡುವುದನ್ನು ನಿಷೇಧಿಸಿತು. ಆದರೆ ಸ್ಯಾಂಡ್‌ಗ್ರೌಸ್ ಮತ್ತು ನೀರುಹಕ್ಕಿಗಳಿಗೆ ವಿನಾಯಿತಿ ಇಟ್ಟಿತು. ಬೇಟೆಗಾರನ ಅನುಕೂಲಕ್ಕೆ ಮಾಡಿದ ಈ ವಿನಾಯಿತಿ ಬಾಯಾರಿದ ಮರಿಗಳ ತಂದೆಯನ್ನೇ ಕೋವಿಯ ಮುಂದೆ ನಿಲ್ಲಿಸಿತ್ತು. ಆ ಕಾಯಿದೆಯ ಮೂಲರೂಪದಲ್ಲಿ ನನಗೆ ಅತ್ಯಂತ ನೋವಿನದಾಗಿ ಕಾಣುವ ಸಾಲು ಇದು.

ಮಿತಿ ಎಂಬ ಲೆಕ್ಕ

ಬೇಟೆಯ ಮಿತಿಯನ್ನು ಸಾಮಾನ್ಯವಾಗಿ ದಿನಕ್ಕಿಷ್ಟು, ಋತುವಿಗಿಷ್ಟು ಎಂದು ಎರಡು ಬಗೆಯಲ್ಲಿ ಹಾಕುತ್ತಾರೆ. ಮಿತಿಯಿಲ್ಲದ ಕಾಲದಲ್ಲಿ ಏನಾಗುತ್ತಿತ್ತು ಎಂಬುದಕ್ಕೆ ಭರತಪುರದ ಕೆರೆ ಸಾಕ್ಷಿ: 1938ರ ನವೆಂಬರ್ 12ರಂದು ವೈಸರಾಯ್ ಲಿನ್ಲಿತ್‌ಗೋ ಪಾಲ್ಗೊಂಡ ಒಂದೇ ದಿನದ ಬೇಟೆಯಲ್ಲಿ 4,273 ಹಕ್ಕಿಗಳನ್ನು ಹೊಡೆದರು. ಆ ಸಂಖ್ಯೆಯನ್ನು ಹೆಮ್ಮೆಯಿಂದ ಕಲ್ಲಿನಲ್ಲಿ ಕೆತ್ತಿಸಿಯೂ ಇಟ್ಟರು. ಇಂಥ ಹುಚ್ಚಿಗೆ ದಿನದ ಮಿತಿ ಒಳ್ಳೆಯ ಮದ್ದು.

ಎರ್ಲಡ್ಡಿನ ವಿಷಯದಲ್ಲಿ ಅದು ಸಾಲದು. ದಖನ್ನಿನ ಅಹಮದ್‌ನಗರ ಸೀಮೆಯಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಬೇಟೆಗಾರ 1809ರಿಂದ 1829ರವರೆಗೆ 961 ಎರ್ಲಡ್ಡುಗಳನ್ನು ಹೊಡೆದನೆಂದು ದಾಖಲೆಯಿದೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಭಾಗಿಸಿ ನೋಡಿದರೆ ವರ್ಷಕ್ಕೆ ಸುಮಾರು 48, ವಾರಕ್ಕೆ ಒಂದೂ ಆಗಲಿಲ್ಲ. ದಿನಕ್ಕೆ ಒಂದೇ ಹಕ್ಕಿ ಎಂಬ ಕಟ್ಟುನಿಟ್ಟಿನ ಮಿತಿ ಇದ್ದಿದ್ದರೂ ಅದನ್ನು ಮೀರದೆಯೇ ಇಷ್ಟೂ ಹಕ್ಕಿಗಳನ್ನು ಕೊಲ್ಲಬಹುದಿತ್ತು. ಬುರ್ಲಿ ಒಂದು ಸಲಕ್ಕೆ ಅರ್ಧ ಡಜನ್ ಮೊಟ್ಟೆಯಿಟ್ಟು ನಷ್ಟ ತುಂಬಿಕೊಳ್ಳುತ್ತದೆ. ಒಂದು ಮೊಟ್ಟೆಯ ಎರ್ಲಡ್ಡಿಗೆ ಆ ಶಕ್ತಿಯಿಲ್ಲ. ಸಾಲದ್ದಕ್ಕೆ ಗಂಡು ಹಕ್ಕಿ ವರ್ಷವರ್ಷವೂ ಅದೇ ದಿಬ್ಬಕ್ಕೆ ಬಂದು, ಕುತ್ತಿಗೆಯ ಚೀಲ ಉಬ್ಬಿಸಿ, ಬಾಲ ನಿಗುರಿಸಿ, ದೂರಕ್ಕೆ ಕೇಳುವಂತೆ ದನಿಗೈದು ತನ್ನ ಜಾಗವನ್ನು ತಾನೇ ತೋರಿಸಿಕೊಡುತ್ತದೆ. ಸ್ವಾತಂತ್ರ್ಯದ ನಂತರ ಜೀಪು ಬಂದ ಮೇಲೆ ಬಯಲಿನಲ್ಲಿ ಅದಕ್ಕೆ ಅಡಗುವ ಜಾಗವೇ ಉಳಿಯಲಿಲ್ಲ.

ಕೋವಿ, ದೀವ, ಉರುಲು

1878ರ ಶಸ್ತ್ರ ಕಾಯಿದೆ ಕೋವಿಗೆ ಲೈಸೆನ್ಸು ಕಡ್ಡಾಯ ಮಾಡಿತು. ಯುರೋಪಿಯನ್ನರಿಗೆ ಅದರಿಂದ ಬಹುಕಾಲ ವಿನಾಯಿತಿ ಇತ್ತು. ಊರಿನ ರೈತ ನಾಡಕೋವಿಗೂ ಅರ್ಜಿ ಹಾಕಬೇಕಿತ್ತು. ಹೀಗೆ ಬೇಟೆಯ ಹಕ್ಕು ದಂಡಿನವರ, ಅಧಿಕಾರಿಗಳ, ಜಮೀನುದಾರರ ಕೈಯಲ್ಲಿ ಉಳಿಯಿತು. ಅದೇ ಕಾಲಕ್ಕೆ ಹಕ್ಕಿ ಹಿಡಿದೇ ಬದುಕುತ್ತಿದ್ದ ಹಕ್ಕಿಪಿಕ್ಕಿ, ಹರಣಶಿಕಾರಿ, ಚಿಗರಿ ಬೇಟೆಗಾರ ಸಮುದಾಯಗಳು ಲೈಸೆನ್ಸಿನ ಲೋಕದಿಂದ ಪೂರ್ತಿ ಹೊರಗಿದ್ದವು. ಇಂಥ ಅಲೆಮಾರಿಗಳಲ್ಲಿ ಹಲವರಿಗೆ 1871ರಿಂದ ಬಂದ ಅಪರಾಧಿ ಬುಡಕಟ್ಟುಗಳ ಕಾಯಿದೆ ಕಳ್ಳರೆಂಬ ಮುದ್ರೆ ಒತ್ತಿತು. ಅದು ರದ್ದಾದದ್ದು 1952ರಲ್ಲಿ.

ಇವರ ಸಾಧನ ಕೋವಿಯಾಗಿರಲಿಲ್ಲ. ಗೌಜಲು ಹಿಡಿಯಲು ಸಾಕಿ ಪಳಗಿಸಿದ ಗಂಡು ಗೌಜಲೊಂದನ್ನು ದೀವವಾಗಿ ಒಯ್ಯುತ್ತಿದ್ದರು. ಬಿದಿರಿನ ಪಂಜರವನ್ನು ಬದುವಿನ ಮೇಲಿಟ್ಟು ಸುತ್ತ ನೆಲಕ್ಕೆ ಗೂಟ ಹೊಡೆದು ಉರುಲುಗಳ ಸಾಲು ಕಟ್ಟುತ್ತಿದ್ದರು. ಬೆಳಗಿನ ಜಾವ ದೀವ ಕೂಗು ಹಾಕಿದರೆ, ತನ್ನ ಹೊಲದಲ್ಲಿ ಇನ್ನೊಂದು ಗಂಡು ಬಂತೆಂದು ಆ ಜಾಗದ ಗೌಜಲು ಸಿಟ್ಟಿನಿಂದ ಓಡಿ ಬಂದು ಕಾಲು ಸಿಕ್ಕಿಸಿಕೊಳ್ಳುತ್ತಿತ್ತು. ಶಬ್ದವಿರಲಿಲ್ಲ, ತೋಟಾದ ಖರ್ಚಿರಲಿಲ್ಲ. ಜೀವಂತ ಹಕ್ಕಿಗೆ ಸಂತೆಯಲ್ಲಿ ಬೆಲೆಯೂ ಹೆಚ್ಚಿತ್ತು. ಈ ಕುಶಲತೆಯ ಹಿಂದೆ ಹಕ್ಕಿಯ ಸ್ವಭಾವದ ಆಳವಾದ ಅರಿವಿದೆ. ಗೂಡು ಕಟ್ಟುವ ಕಾಲದಲ್ಲೇ ಗಂಡಿನ ಸಿಟ್ಟು ಹೆಚ್ಚು, ದೀವಕ್ಕೆ ಹಕ್ಕಿ ಒಲಿಯುವುದೂ ಆಗಲೇ ಹೆಚ್ಚು. ನಿಷಿದ್ಧ ಋತುವಿಗೂ ಈ ಕಸುಬಿಗೂ ಇದ್ದ ಘರ್ಷಣೆ ಅಷ್ಟು ಮೂಲಭೂತವಾದದ್ದು. ಕಾಯಿದೆ ಮಾಡಿದವರು ಇವರನ್ನು ಕರೆದು ಕೇಳಿದ್ದರೆ ಯಾವ ಹಕ್ಕಿ ಯಾವ ತಿಂಗಳು ಎಲ್ಲಿ ಮೊಟ್ಟೆಯಿಡುತ್ತದೆ ಎಂಬುದು ಕರಾರುವಾಕ್ಕಾಗಿ ತಿಳಿಯುತ್ತಿತ್ತು. ಕೇಳಲಿಲ್ಲ. ಬೇಟೆ ನಿಂತ ಮೇಲೆ ಬೇರೆ ಬದುಕನ್ನೂ ಸರಿಯಾಗಿ ಕಟ್ಟಿಕೊಡಲಿಲ್ಲ.

1972ರ ಕಾಯಿದೆ ಮತ್ತು ಆಮೇಲೆ

ರಾಜ್ಯಗಳು ಒಪ್ಪಿಕೊಂಡಂತೆ ಹಂತಹಂತವಾಗಿ ಜಾರಿಯಾದ 1972ರ ಕಾಯಿದೆ ಬೇಟೆಯನ್ನು ಒಮ್ಮೆಗೇ ನಿಲ್ಲಿಸಿತೆಂಬ ಗ್ರಹಿಕೆ ಜನರಲ್ಲಿದೆ. ಹಾಗಾಗಲಿಲ್ಲ. ನವಿಲು, ಎರ್ಲಡ್ಡುಗಳನ್ನು ಮೊದಲ ಅನುಸೂಚಿಗೆ ಸೇರಿಸಿ ಪೂರ್ತಿ ರಕ್ಷಣೆ ಕೊಟ್ಟಿತು. ನವಿಲು 1963ರಲ್ಲೇ ರಾಷ್ಟ್ರಪಕ್ಷಿಯಾಗಿತ್ತು. ಗೌಜಲು, ಬುರ್ಲಿ, ಬಾತುಗಳು ಸಣ್ಣ ಬೇಟೆಯ ಅನುಸೂಚಿಯಲ್ಲಿ ಉಳಿದವು. ವಿಶೇಷ ಬೇಟೆ, ದೊಡ್ಡ ಬೇಟೆ, ಸಣ್ಣ ಬೇಟೆ, ಜೀವಂತ ಹಿಡಿಯುವಿಕೆ ಎಂದು ನಾಲ್ಕು ಬಗೆಯ ಪರವಾನಗಿಗಳಿದ್ದವು. ಪಡೆದವರು ಕೊಂದದ್ದರ ಲೆಕ್ಕ ಬರೆದಿಟ್ಟು ಒಪ್ಪಿಸಬೇಕಿತ್ತು. ವಾಹನದಿಂದ ಗುಂಡು ಹಾರಿಸುವುದು, ರಾತ್ರಿಯ ಬೇಟೆ, ವಿಷ, ಬಲೆ, ಸ್ಫೋಟಕ, ಹುಲ್ಲಿಗೆ ಬೆಂಕಿ ಇಡುವುದು ಇವೆಲ್ಲ ನಿಷಿದ್ಧ. ನಾಯಿ ಬಿಟ್ಟು ಬೇಟೆಯಾಡುವುದೂ ನಿಷಿದ್ಧವೇ. ನೀರುಹಕ್ಕಿ, ಗೌಜಲು, ಲಾವಕ್ಕಿ, ಚಕೋರಗಳಿಗೆ ಮಾತ್ರ ಅದರಿಂದ ವಿನಾಯಿತಿ. ಈ ಪರವಾನಗಿ ವ್ಯವಸ್ಥೆಯನ್ನು ಪೂರ್ತಿ ತೆಗೆದುಹಾಕಿದ್ದು 1991ರ ತಿದ್ದುಪಡಿ. ಅಲ್ಲಿಂದ ಮುಂದೆ ಋತುವೂ ಮಿತಿಯೂ ಅರ್ಥ ಕಳೆದುಕೊಂಡವು.

ಕಾನೂನಿನಲ್ಲಿ ಬೇಟೆಯೆಂದರೆ ಕೋವಿಯೊಂದೇ ಅಲ್ಲ. ಉರುಲು ಹಾಕುವುದು, ಬಲೆ ಬೀಸುವುದು, ಅಟ್ಟುವುದು, ಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಗೂಡು ಕೆದಕುವುದು ಕೂಡ ಬೇಟೆಯೇ. 2023ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿಯ ನಂತರ ಮೊದಲ ಅನುಸೂಚಿಯ ಹಕ್ಕಿಯನ್ನು ಬೇಟೆಯಾಡಿದರೆ ಮೂರರಿಂದ ಏಳು ವರ್ಷ ಸಜೆ, ಕನಿಷ್ಠ 25,000 ರೂಪಾಯಿ ದಂಡ. ಎರಡನೆಯ ಅನುಸೂಚಿಯ ಹಕ್ಕಿಗಳ ಬೇಟೆಗೆ ಮೂರು ವರ್ಷದವರೆಗೆ ಸಜೆ, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಫಾರಮ್ಮಿನಲ್ಲಿ ಸಾಕುವ ಜಪಾನಿ ಲಾವಕ್ಕಿಯ ಮಾತು ಬೇರೆ, ಅದರ ಮಾಂಸ ಹೋಟೆಲುಗಳಲ್ಲಿ ರಾಜಾರೋಷವಾಗಿ ಸಿಗುತ್ತದೆ. ಅದರ ಮರೆಯಲ್ಲಿ ಹೊಲದ ಬುರ್ಲಿಯೂ ಮಾರಾಟವಾಗದಂತೆ ನೋಡಿಕೊಳ್ಳುವುದು ಅರಣ್ಯ ಸಿಬ್ಬಂದಿಗೆ ಸುಲಭವಲ್ಲ.

ಕೋವಿಯ ಲೈಸೆನ್ಸೇ ಬೇಟೆಯ ಅನುಮತಿ ಎಂದು ತಿಳಿದವರು ಈಗಲೂ ಇದ್ದಾರೆ. ಬೆಳೆ ಕಾಯಲು ಕೊಟ್ಟ ಕೋವಿಯಿಂದ ಹಕ್ಕಿ ಹೊಡೆದರೆ ಅದೂ ಅಪರಾಧವೇ. ಕೊಡವರಿಗೆ ಕೋವಿ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. ಅಲ್ಲೂ ಕಾಡುಕೋಳಿ ಹೊಡೆಯುವಂತಿಲ್ಲ. ಅಮೆರಿಕಕ್ಕೆ ಹೋಗಿ ನೆಲೆಸಿದ ಕನ್ನಡಿಗರಿಗೆ ಇದರ ತದ್ವಿರುದ್ಧ ಚಿತ್ರ ಕಾಣುತ್ತದೆ: ಟೆಕ್ಸಾಸಿನಲ್ಲಿ ಪಾರಿವಾಳ ಜಾತಿಯ ಡವ್ ಹಕ್ಕಿಗೆ ದಿನಕ್ಕೆ 15ರ ಮಿತಿಯಿದೆ. 1934ರಿಂದ ಅಲ್ಲಿ ಬಾತು ಬೇಟೆಗಾರರು ಕೊಳ್ಳುವ ಅಂಚೆಚೀಟಿಯಂಥ ಚೀಟಿಯ ಹಣ ಜೌಗುನೆಲ ಕೊಂಡು ಉಳಿಸಲು ಹೋಗುತ್ತದೆ. ಹಕ್ಕಿಯ ಎಣಿಕೆ ಪ್ರತಿವರ್ಷ ನಡೆದು, ಅದರ ಮೇಲೆ ಮಿತಿ ಏರಿಳಿಯುವ ದೇಶದಲ್ಲಿ ಆ ಪದ್ಧತಿ ನಿಲ್ಲುತ್ತದೆ. ಅಂಥ ಎಣಿಕೆ ಎಂದೂ ನಡೆಯದ ನಮ್ಮ ಬಯಲಿನಲ್ಲಿ ಪೂರ್ತಿ ನಿಷೇಧವೇ ಸರಿಯೆಂದು ನನ್ನ ಖಚಿತ ಅಭಿಪ್ರಾಯ.

ಈಗಿನ ಸ್ಥಿತಿ

ಕೆರೆಯ ಹಕ್ಕಿಗಳ ಪಾಲಿಗೆ ಸುದ್ದಿ ಒಳ್ಳೆಯದು. ಹಳೆಯ ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದು ಈಗ ವಿಜಯನಗರ ಜಿಲ್ಲೆಗೆ ಸೇರಿದ ಅಂಕಸಮುದ್ರ ಕೆರೆ ಪಕ್ಷಿ ಸಂರಕ್ಷಣಾ ಮೀಸಲಾಗಿ, 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಊರಿನವರೇ ಮುಂದೆ ನಿಂತು ಕಾಯುವ ಕೆರೆ ಅದು. 1994ರಲ್ಲಿ ಕರಡಿಗಳಿಗಾಗಿ ಘೋಷಿಸಿದ ದರೋಜಿ ಧಾಮ ಚಿಟ್ಟುಕೋಳಿ, ಸ್ಯಾಂಡ್‌ಗ್ರೌಸ್‌ಗಳಿಗೂ ಆಸರೆಯಾಗಿದೆ.

ಎರ್ಲಡ್ಡಿನ ಕಥೆ ಬೇರೆ. 2011ರಿಂದ ಅದು ಜಾಗತಿಕ ಕೆಂಪುಪಟ್ಟಿಯಲ್ಲಿ ಅಳಿವಿನ ತೀರಾ ಅಂಚಿಗೆ ಬಂದ ಹಕ್ಕಿ. ದೇಶದಲ್ಲಿ ಉಳಿದಿರುವುದು 150ರ ಆಸುಪಾಸು, ಬಹುಪಾಲು ರಾಜಸ್ಥಾನದಲ್ಲಿ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದಲ್ಲಿ ಹಿಂದೆ ಕಾಣುತ್ತಿದ್ದದ್ದು ಈಗಿಲ್ಲ. ಕರ್ನಾಟಕದಲ್ಲಿ ಈ ಶತಮಾನದಲ್ಲೂ ಅದು ಕಣ್ಣಿಗೆ ಬಿದ್ದಿರುವ ಜಾಗ ಸಿರುಗುಪ್ಪ ತಾಲ್ಲೂಕಿನ ಎರೆಹೊಲಗಳು, ಅದೂ ಬೆರಳೆಣಿಕೆಯಷ್ಟು. ಅಲ್ಲಿ ಈಗ ಅದಕ್ಕೆ ಕೋವಿಯಷ್ಟೇ ಭಯ ಬೇರೆಯವುಗಳದ್ದು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಂದ ಮೇಲೆ ಜೋಳ, ಕಡಲೆಯ ಹೊಲಗಳು ಭತ್ತದ ಗದ್ದೆಗಳಾದವು. ನೀರು ತಲುಪದ ಕಡೆ ಹತ್ತಿ, ಮೆಣಸಿನಕಾಯಿ, ಅವುಗಳೊಂದಿಗೆ ಕೀಟನಾಶಕ. ಮೈಭಾರದ, ಮುಂದಕ್ಕೆ ನೆಟ್ಟಗೆ ಕಾಣದ ಈ ಹಕ್ಕಿಗೆ ವಿದ್ಯುತ್ ತಂತಿಗಳು ಸಾವಿನ ಬಲೆ. 2021ರಲ್ಲಿ ಸುಪ್ರೀಂ ಕೋರ್ಟ್ ಈ ತಂತಿಗಳ ವಿಚಾರವಾಗಿಯೇ ರಾಜಸ್ಥಾನ, ಗುಜರಾತುಗಳಿಗೆ ಆದೇಶ ಕೊಡಬೇಕಾಯಿತು. ಹೊಲದವನಿಗೆ ಪರಿಹಾರ ಕೊಟ್ಟು ಮೊಟ್ಟೆಯ ಕಾಲಕ್ಕೆ ನಾಲ್ಕು ತಿಂಗಳು ನೆಲವನ್ನು ಉಳದೆ ಬಿಡಿಸುವುದು, ಆ ಹೊಲಗಳ ಸುತ್ತಿನ ತಂತಿಗಳನ್ನು ನೆಲದೊಳಗೆ ಹಾಕುವುದು, ನಾಯಿಗಳನ್ನು ದೂರವಿಡುವುದು: ಸಿರುಗುಪ್ಪದಲ್ಲಿ ಆಗಬೇಕಾದ ಕೆಲಸ ಇಷ್ಟು. ಮುಂದಿನ ಮುಂಗಾರಿಗೆ ಮೊದಲೇ ಇದನ್ನು ಶುರುಮಾಡಬಹುದು.